ಗಂಗವ್ವನ ಹಾಲಿನಲ್ಲಿ ನೀರು

ಸೋಮವಾರ ನಮ್ಮ ಮನೆಯಲ್ಲಿ ಹಾಲಿಲ್ಲದ ಚಹಾ. ಮಂಗಳವಾರವೂ ಅದೇ. ಬುಧವಾರ ನಮ್ಮವರು ಲೋಟ ಮುಟ್ಟದೆ ಎದ್ದು ಆಫೀಸಿಗೆ ಹೋದರು. (ಸಿಟ್ಟು ಚಹಾದ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.)

ಹಾಲಿನ ಗಂಗವ್ವ ಬಂದಿರಲಿಲ್ಲ. ಪಕ್ಕದ ಹಳ್ಳಿ ಸಾಲೋಟಗಿಯವಳು. ಗಂಡನಿಲ್ಲ, ಇರುವುದು ಒಂದೇ ಎಮ್ಮೆ. ಬೆಳಗಿನ ಹಾಲನ್ನು ತಲೆಯ ಮೇಲೆ ಹೊತ್ತು ನಾವಿರುವ ಇಂಡಿಗೆ ನಡೆದು ಬರುತ್ತಾಳೆ. ಅಳೆದು ಹಾಕಿದ ಮೇಲೆ ಒಂದಿಷ್ಟು ಕೊಸರು ಹಾಕದೆ ಹೋದವಳಲ್ಲ. ಸಂಜೆಯ ಹಾಲು ಅವಳ ಊರಿನಲ್ಲೇ ಹೊಸದಾಗಿ ಶುರುವಾದ ಹಾಲಿನ ಕೇಂದ್ರಕ್ಕೆ.

ಬುಧವಾರ, ನನ್ನ ಜೊತೆ ಶಾಲೆಯಲ್ಲಿ ಕಲಿಸುವ ಸಾಲೋಟಗಿಯ ಮಾಸ್ತರರು ಸುದ್ದಿ ಹೇಳಿದರು. ಭಾನುವಾರ ಸಂಜೆ ಕೇಂದ್ರದ ಸೆಕ್ರೆಟರಿ ಗಂಗವ್ವನ ಹಾಲಿನಲ್ಲಿ, ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರ್ ಇಳಿಬಿಟ್ಟರಂತೆ. ಗಾಜಿನ ಕಡ್ಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಕೆಳಗಿಳಿಯಿತಂತೆ. ಸಾಲಿನಲ್ಲಿದ್ದವರೆಲ್ಲರ ಮುಂದೆ ಹಾಲು ವಾಪಸ್. ಇನ್ನೊಮ್ಮೆ ಹೀಗಾದರೆ ಹಾಲಿನ ಸಂಘದಿಂದ ಹೆಸರೇ ತೆಗೆಯುತ್ತಾರಂತೆ.

ನೀವಾದರೆ ನಂಬುತ್ತಿದ್ದಿರಾ? ನಾನು ಅರ್ಧ ನಂಬಿದೆ. ಈಚೆಗೆ ಕೆನೆ ತೆಳ್ಳಗಾಗಿದೆ ಎಂದು ಒಳಗೊಳಗೇ ಗೊಣಗಿಕೊಂಡಿದ್ದೆ. ಉಳಿದರ್ಧ ನಂಬಲಾಗದೆ, ಅವತ್ತು ಶಾಲೆ ಬಿಟ್ಟೊಡನೆ ಸಾಲೋಟಗಿಯ ಬಸ್ಸು ಹತ್ತಿದೆ.

ಗಂಗವ್ವ ಎಮ್ಮೆಯ ಪಕ್ಕದಲ್ಲಿ ಕೂತಿದ್ದಳು. ನನ್ನನ್ನು ನೋಡಿಯೂ ಏಳಲಿಲ್ಲ. ಒಳಗೆ ಬಾಣಂತನಕ್ಕೆ ಬಂದ ಮಗಳು ಶಾಂತವ್ವ, ಅವಳ ತೊಡೆಯ ಮೇಲೆ ತಿಂಗಳೂ ತುಂಬದ ಕೂಸು.

“ಎಲ್ಲಾರ ಮುಂದ ನನ್ನ ನೀರ ಮಾರಾಕಿ ಅಂದ್ರು, ಅಕ್ಕಾರ” ಎಂದಳು ಗಂಗವ್ವ.

ಹಾಲಿಗೆ ನೀರು ಹಾಕಿದ್ದು ನಿಜವೇ ಎಂದು ಮೆಲ್ಲಗೆ ಕೇಳಿದೆ.

“ಹಾಕೇನ್ರಿ. ದಿನಾ ಹಾಕ್ತೇನಿ. ಬರೇ ಹಾಲು ಯಾರರ ಮನಿ ಹೊರಗ ಕಳಸ್ತಾರೇನ್ರಿ?”

ಮುಖದಲ್ಲಿ ಅಳುಕೇ ಇಲ್ಲ. ಆಮೇಲೆ ಗೊತ್ತಾಯಿತು. ನೀರು ಬೆರೆಸದ ಹಾಲು ಹೊಸ್ತಿಲು ದಾಟಿದರೆ ಕಣ್ಣು ಬೀಳುತ್ತದೆ, ಎಮ್ಮೆಯ ಕೆಚ್ಚಲು ಬತ್ತುತ್ತದೆ, ಮನೆಯವರಿಗೂ ಕೇಡು ಎಂಬುದು ಅವಳ ನಂಬಿಕೆ. ಅದಕ್ಕೇ ಎಮ್ಮೆಯ ಹೆಸರಿನಲ್ಲಿ ಒಂದು ಅಂಗೈ ನೀರು, ಕರುವಿನ ಹೆಸರಿನಲ್ಲಿ ಒಂದು. ಅವಳ ಅತ್ತೆ ಕಲಿಸಿದ ಪದ್ಧತಿ. ಅಷ್ಟನ್ನು ಗಾಜಿನ ಕಡ್ಡಿಯೂ ಇಷ್ಟು ದಿನ ಸಹಿಸಿಕೊಂಡಿತ್ತು. ಈಗ ಮನೆಗೆ ಮಗಳು ಬಂದಳು, ಅವಳಿಗೊಂದು. ಕೂಸು ಹುಟ್ಟಿತು, ಅದಕ್ಕೊಂದು. ಭಾನುವಾರ ಅಳಿಯ ಬಂದಿದ್ದ, ಅವನಿಗೂ ಒಂದು!

ಪ್ರೀತಿ ಹೆಚ್ಚಾದಂತೆಲ್ಲ ಹಾಲು ತೆಳ್ಳಗಾಗಿತ್ತು.

ಯಾವ ನೀರು ಎಂದು ಕೇಳಿದೆ. ಎಮ್ಮೆ ಕುಡಿಯುವ ಕಲ್ಲಿನ ಬಾನಿ ತೋರಿಸಿದಳು. ಎಮ್ಮೆ ಮೂತಿ ಇಟ್ಟ ನೀರೇ ಆಗಬೇಕಂತೆ. (ನಾವು ಎಷ್ಟು ವರ್ಷದ ಚಹಾ ಕುಡಿದೆವು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ. ನೀವೂ ಹಾಕಬೇಡಿ.)

ಟೀಚರ್ ಅಲ್ಲವೇ, ಕ್ರಿಮಿ, ಟೈಫಾಯ್ಡ್ ಎಂದು ಪಾಠ ಶುರು ಮಾಡಿದೆ. ಕಾಯಿಸಿಯೇ ಕುಡಿಯುತ್ತೀರಲ್ಲ ಎಂದು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿದಳು. ಕೇಂದ್ರದಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ, ನಿನ್ನ ಬಾನಿಯ ನೀರು ಊರಿನವರೆಲ್ಲರ ಹಾಲು ಕೆಡಿಸುತ್ತದೆ ಎಂದೆ. ಆ ಹಾಲು ಎಲ್ಲೋ ಒಂದು ಕೂಸಿನ ಬಟ್ಟಲಿಗೆ ಹೋಗುತ್ತದೆ, ಆ ಮನೆಯಲ್ಲಿ ಕಾಯಿಸುವಷ್ಟು ಕಟ್ಟಿಗೆ ಇದೆಯೋ ಇಲ್ಲವೋ ಎಂದೆ.

ಗಂಗವ್ವ ಮೊಮ್ಮಗಳ ಕಡೆ ನೋಡಿದಳು.

“ಹಾಕೂದು ಬಿಟ್ಟು, ನಾಳೆ ನಮ್ಮ ಕೂಸಿಗೆ ಏನರ ಆದ್ರ ಏನ್ ಮಾಡ್ಲಿರಿ?”

ಏನೂ ಆಗುವುದಿಲ್ಲ ಎನ್ನುವುದು ನನಗೆ ಸುಲಭ. ಕೂಸು ಅವಳದು.

ಉತ್ತರ ಬಂದದ್ದು ಒಳಗಿನಿಂದ. ಶಾಂತವ್ವ ಕೂಸನ್ನು ಭುಜಕ್ಕೆ ಹಾಕಿಕೊಂಡು ಬಾಗಿಲಿಗೆ ಬಂದು ನಿಂತಳು. “ಯವ್ವಾ, ಕಣ್ಣು ಬೀಳೂದು ಎಮ್ಮಿಗಲ್ಲೇನು? ಎಮ್ಮಿ ಕಾಲಿಗೇ ನೀರು ಹಾಕು. ಹಾಲಿಗ್ಯಾಕ?”

ಗಂಗವ್ವ ಮಗಳ ಮುಖ ನೋಡಿ ಎದ್ದಳು. ಆಮೇಲೆ ಬಾವಿಯಿಂದ ನೀರು ಸೇದಿ ತಂದು ಕೈ ತೊಳೆದಳು, ಕೆಚ್ಚಲು ತೊಳೆದಳು, ಹಾಲು ಹಿಂಡಿದಳು. ಬಾನಿಯ ನೀರನ್ನು ಎಲ್ಲರ ಹೆಸರು ಹೇಳಿ ಎಮ್ಮೆಯ ಕಾಲಿಗೆ ಹಾಕಿದಳು. ಹಾಲಿಗೆ ಒಂದು ಹನಿ ನೀರೂ ಹಾಕದೆ ಪಾತ್ರೆ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಆ ಕ್ಷಣ ಅವಳ ಧೈರ್ಯಕ್ಕೆ ಕೈಮುಗಿಯಬೇಕು ಅನ್ನಿಸಿತು ನನಗೆ.

ಜೊತೆಗೆ ಕೇಂದ್ರಕ್ಕೆ ಹೋದೆ. ಸೆಕ್ರೆಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಮತ್ತೆ ಲ್ಯಾಕ್ಟೋಮೀಟರ್ ಇಳಿಬಿಟ್ಟರು. ಈ ಸಲ ಕಡ್ಡಿ ನಿಲ್ಲಬೇಕಾದಲ್ಲೇ ನಿಂತಿತು. ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, “ರೊಕ್ಕದ ಆಸೆಗೆ ನೀರ ಹಾಕೀದಿ ಅಂತ ತಪ್ಪು ತಿಳಕೊಂಡಿದ್ದೆ, ಗಂಗವ್ವಾ” ಎಂದರು. ಒಳ್ಳೆಯ ಮನುಷ್ಯ. ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಗುರುವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದಳು. ಎಂಥ ಹಾಲು ಅಂತೀರಿ! ಹೊಗಳಲು ಬಾಯಿ ತೆರೆದೆ.

“ಬರೇ ಹಾಲು ತಂದೇನ್ರಿ, ಅಕ್ಕಾರ” ಎಂದು ತಡೆದಳು. “ಚಂದ ಐತಿ ಅಂತ ಅನಬ್ಯಾಡ್ರಿ. ಸುಮ್ಮನ ತಗೋರಿ.”

ಪಾತ್ರೆಗೆ ಹಾಲು ಸುರಿಯುವಷ್ಟು ಹೊತ್ತೂ ಅವಳು ನೋಡುತ್ತಿದ್ದದ್ದು ಪಾತ್ರೆಯನ್ನಲ್ಲ, ನನ್ನ ಮುಖವನ್ನು.

ಇಷ್ಟು ವರ್ಷ ಗಂಗವ್ವ ಹೆದರಿದ್ದು ಯಾರ ಕಣ್ಣಿಗೆ ಅಂದುಕೊಂಡಿರಿ? ಹಾಲು ಕೊಳ್ಳುವ ನಮ್ಮ ಕಣ್ಣಿಗೇ.