ತಾರಸಿಯ ಮೇಲೆ ನೀರು ಸಿಕ್ಕಿದ್ದು

ಪಂಚನಹಳ್ಳಿಯ ನಮ್ಮ ತಾರಸಿಗೆ ನಾನು ಟೆಲಿಸ್ಕೋಪು ಹತ್ತಿಸಿದಾಗ ನಮ್ಮ ಯಜಮಾನರು ಕೇಳಿದ್ದು ಒಂದೇ: “ಇನ್ಮೇಲೆ ಸಂಡಿಗೆ ಎಲ್ಲಿ ಒಣಗಿಸ್ತೀಯಾ?”

ಆಕಾಶದಲ್ಲಿ ಮೋಡದ ಹಾಗೆ ಹಬ್ಬಿರುವ ನೀಹಾರಿಕೆಗಳ ಫೋಟೋ ತೆಗೆಯುವ ಹುಚ್ಚು ಹಿಡಿದಿತ್ತು ನನಗೆ. ನನ್ನ ಕ್ಯಾಮೆರಾಗೆ ಬಣ್ಣ ತಿಳಿಯದು, ಬರೀ ಕಪ್ಪು ಬಿಳುಪು. ಅದರ ಮುಂದೆ ಇಡುವ ಒಂದೊಂದು ಫಿಲ್ಟರೂ ಒಂದೇ ಒಂದು ಮೂಲವಸ್ತುವಿನ ಬೆಳಕನ್ನು ಒಳಗೆ ಬಿಟ್ಟು, ಮಿಕ್ಕದ್ದಕ್ಕೆಲ್ಲ ಬಾಗಿಲು ಹಾಕಿಬಿಡುತ್ತದೆ. ಹಾಗೆ ಬಿಡಿಬಿಡಿಯಾಗಿ ತೆಗೆದದ್ದಕ್ಕೆ ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ಕೊಟ್ಟು ಕೂಡಿಸಬೇಕು.

ಎಲ್ಲ ಸರಿಯಿತ್ತು, ಪಕ್ಕದ ತೆಂಗಿನ ತೋಟದ ಫ್ಲಡ್ ಲೈಟ್ ಒಂದನ್ನು ಬಿಟ್ಟು. ನಾನು ಬೆನ್ನು ಹತ್ತಿದ್ದ, ಗುಲಾಬಿ ಹೂವಿನಂತೆ ಕಾಣುವ ನೀಹಾರಿಕೆ ಮೂಡುವ ದಿಕ್ಕಿನಲ್ಲೇ ಅದೂ ಉರಿಯುತ್ತಿತ್ತು. ಎದುರಿಗೇ ನಿಂತು ಕಣ್ಣಿಗೆ ಹೊಡೆಯುವ ದೀಪಕ್ಕೆ ಯಾವ ಫಿಲ್ಟರ್ ತಾನೇ ಏನು ಮಾಡೀತು? ಅದು ಆರದಿದ್ದರೆ ನನಗೆ ಒಳ್ಳೆಯ ಚಿತ್ರವಿಲ್ಲ. ತೋಟ ಯಜಮಾನರ ದೊಡ್ಡಪ್ಪನದು. ನನಗೆ ಮಾವನ ಸಮಾನ.

ಮೊದಲ ಸಂಜೆ ಮಾವ ತಾರಸಿಗೇ ಬಂದು ಲ್ಯಾಪ್‌ಟಾಪಿನೊಳಗೆ ಇಣುಕಿದರು.

“ಇದೇನವ್ವಾ, ಬಸುರಿ ಹೊಟ್ಟೆ ಸ್ಕ್ಯಾನಿಂಗ್ ಇದ್ದಂಗೈತೆ?”

“ಜಲಜನಕ ಮಾವ. ನಿಮ್ಮ ಲೈಟ್ ಒಂಚೂರು ಆರಿಸಿದ್ರೆ ಇನ್ನೂ ಚೆನ್ನಾಗಿ ಬರುತ್ತೆ.”

“ಆರಿಸಿದ್ರೆ ಹಂದಿ ಬತ್ತವೆ.”

ಮರುದಿನ ಸಂಜೆ ತಾರಸಿಯಲ್ಲೇ ಲೈಟಿಗೆ ಅಡ್ಡ ಕಂಬಳಿ ಕಟ್ಟಿ ಪರದಾಡುತ್ತಿದ್ದೆ. ಮಾವ ಮತ್ತೆ ಬಂದರು.

“ಇವತ್ತೇನವ್ವಾ?”

“ಆಮ್ಲಜನಕ ಮಾವ.”

ಮಾವ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ತಳ್ಳಿದರು. ಆಮೇಲೆ ದನಿ ತಗ್ಗಿಸಿ, “ನಿನ್ನೆ ಜಲಜನಕ, ಇವತ್ತು ಆಮ್ಲಜನಕ. ನಾನೂ ಏಳ್ನೇ ಕ್ಲಾಸ್ ಓದಿದೀನಿ ಕಣವ್ವಾ. ಎರಡೂ ಸೇರಿದ್ರೆ ನೀರಲ್ವಾ?” ಅಂದರು.

“ನೀರೇ ಮಾವ, ಆದ್ರೆ…”

“ಆದ್ರೆ ಗೀದ್ರೆ ಬ್ಯಾಡ. ನಾಡಿದ್ದು ಕಡೂರಿಂದ ಬೋರ್ ಕೊರಿಯೋ ಲಾರಿ ಬತ್ತೈತೆ. ನಮ್ ತೋಟದಾಗೆ ಒಂದು ಪಾಯಿಂಟ್ ತೋರ್ಸು, ನಾನು ಲೈಟ್ ಆರಿಸ್ತೀನಿ.”

“ಇದು ಮೇಲಕ್ಕೆ ನೋಡೋ ಯಂತ್ರ ಮಾವ.”

“ಕೆಳಕ್ಕೆ ಬಗ್ಸು!”

ಅವರು ಇಳಿದು ಹೋದ ಮೇಲೆ ಯಜಮಾನರು ನಗುತ್ತ, “ಯಾವುದಾದ್ರೂ ಮೂಲೆ ತೋರಿಸಿಬಿಡೇ, ಲೈಟ್ ಆರುತ್ತೆ” ಎಂದು ಕಿವಿಯೂದಿದರು. ನಾಲಿಗೆಯ ತುದಿಯವರೆಗೂ ಬಂದ ಸುಳ್ಳು ಅದು. ಆದರೆ ನಾನು ತೋರಿಸಿದ ಕಡೆ ನೀರು ಬಾರದಿದ್ದರೆ ಮಾವ ಜನ್ಮಪೂರ್ತಿ ಆಡಿಕೊಳ್ಳುತ್ತಾರೆ; ಬಂದುಬಿಟ್ಟರೆ ಚೌಳಹಿರಿಯೂರಿನವರೆಗೂ ನನ್ನನ್ನು ಹೊತ್ತುಕೊಂಡು ತಿರುಗುತ್ತಾರೆ. ಯಾವುದು ಹೆಚ್ಚು ಅಪಾಯವೋ ತಿಳಿಯಲಿಲ್ಲ.

ಮೂರನೆಯ ಸಂಜೆ ಮಾವ ಪಾಯಿಂಟಿಗೆ ನೆಡಲು ಗೂಟ ಹಿಡಿದೇ ಬಂದರು.

“ನಿಮ್ಮಾಣೆ ಮಾವ, ಇದಕ್ಕೆ ನೆಲದೊಳಗಿನದು ಕಾಣಲ್ಲ.”

“ನೀರಿನ ಪಾಯಿಂಟ್ ನಿನ್ ತೋಟಕ್ಕೇ ಇಟ್ಕಂಡಿದೀಯಾ ಬಿಡು. ಇವತ್ತೇನು ಸಿಕ್ತು, ಅದ್ನಾದ್ರೂ ಹೇಳು.”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: “ಗಂಧಕ.”

ಮಾವನ ಕೈಯಿಂದ ಗೂಟ ಜಾರಿತು. “ಗಂಧಕದ ನೀರಾ? ಅಯ್ಯೋ, ತೆಂಗು ಸುಟ್ಟೋಯ್ತದೆ ಕಣವ್ವಾ! ಇದರ ಸಾವಾಸ ಬ್ಯಾಡ. ನಮ್ಮ ತೆಂಗಿನಕಾಯಿಯೋನೇ ವಾಸಿ.” ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವನನ್ನೇ ಕರೆಸುತ್ತೇನೆಂದು ಮೆಟ್ಟಿಲಿಳಿದರು. ಅರ್ಧಕ್ಕೆ ನಿಂತು ನನ್ನತ್ತ ತಿರುಗಿದರು. ಮುಖದ ತುಂಬ ಮರುಕ.

“ಪಾಪ, ಮೂರು ದಿನ ಚಳೀಲಿ ಕೂತು ಇದನ್ನಾ ಹುಡುಕಿದ್ದು? ಲೈಟ್ ಆರಿಸ್ತೀನಿ, ಹಂದಿಗೆ ನಾಯಿ ಬಿಡ್ತೀನಿ. ಇನ್ನೊಂದ್ಸಲ ಸರಿಯಾಗಿ ನೋಡು, ಒಳ್ಳೆ ನೀರು ಸಿಕ್ಕೀತು.”

ತಿದ್ದಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಇಳಿದೇ ಹೋದರು, ತುಸು ಹೊತ್ತಿಗೆ ತೋಟ ಕತ್ತಲಾಯಿತು. ಬಾಯಿ ಮುಚ್ಚಿಕೊಂಡು ಮತ್ತೆ ಜಲಜನಕದ ಫಿಲ್ಟರ್ ಹಾಕಿದೆ.