ಅತ್ತೆ ತುಂಬಿಸಿಕೊಟ್ಟ ನೀರು

ತುಮಕೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಒಂದು ದಿನ ಲ್ಯಾಬಿನಲ್ಲಿ ಸರ್ ಎಲ್ಲರಿಗೂ ಒಂದೊಂದು ಖಾಲಿ ಸೀಸೆ ಕೊಟ್ಟು, "ನಿಮ್ಮ ಕಡೆ ಮನೆಯಲ್ಲಿ ದಿನಾ ಕುಡಿಯೋ ನೀರು ತನ್ನಿ, ಬ್ಯಾಕ್ಟೀರಿಯಾ ಇದೆಯಾ ನೋಡೋಣ" ಎಂದರು. ಉಳಿದವರು ಮಾರ್ಕ್ಸ್‌ಗಾಗಿ ಹೊರಟರು. ನಾನು ಹೊರಟಿದ್ದು ಅಕ್ಕನಿಗಾಗಿ.

ಅಕ್ಕನನ್ನು ಗುಬ್ಬಿ ಹತ್ತಿರದ ನಿಟ್ಟೂರಿಗೆ ಕೊಟ್ಟಿದೆ. ಅವಳ ಮಗುವಿಗೆ ಪದೇ ಪದೇ ಹೊಟ್ಟೆ ಕೆಡುತ್ತಿತ್ತು. ಅವಳ ಅತ್ತೆ ಯಾವ ಲ್ಯಾಬೂ ಇಲ್ಲದೆ ಕಾರಣ ಕಂಡುಹಿಡಿದಿದ್ದರು: ಅಕ್ಕನ ಕೈ ಶುದ್ಧವಿಲ್ಲ. ಮಗುವಿಗೆ ಉಣ್ಣಿಸುವ ಕೆಲಸದಿಂದ ಅವಳನ್ನು ಸಸ್ಪೆಂಡ್ ಮಾಡಿಯೂ ಆಗಿತ್ತು. ನನ್ನ ಅನುಮಾನವೆಲ್ಲ ಅವರ ಮನೆಯ ಸಂಪಿನ ಮೇಲೆ.

ಸೀಸೆ ಕಂಡಕೂಡಲೇ ಅತ್ತೆ ಕೈಚಾಚಿದರು. "ಕೊಡಮ್ಮ ಇಲ್ಲಿ, ನಾನೇ ತುಂಬ್ಸಿ ಕೊಡ್ತೀನಿ. ನೀನು ಕಾಫಿ ಕುಡಿ." ಅಡುಗೆಮನೆಯಿಂದ ವಾಪಸ್ ಬಂದ ಸೀಸೆಯ ಮೇಲೆ ವಿಭೂತಿ ಬೇರೆ ಇತ್ತು.

ಲ್ಯಾಬಿನಲ್ಲಿ ಸೀಸೆಗಳಿಗೆ ಪರೀಕ್ಷೆಯ ಪುಡಿ ಹಾಕಿ ಬೆಚ್ಚಗಿಟ್ಟೆವು; ನೀರು ಕಪ್ಪಾದರೆ ಕೆಟ್ಟಿದೆ ಎಂದರ್ಥ. ಫಲಿತಾಂಶ ಬಂತು. ನೀರು ಪರಿಶುದ್ಧ! ನನ್ನದಷ್ಟೇ ಅಲ್ಲ, ಕುಣಿಗಲ್ ಗೆಳತಿಯದ್ದು, ಊರ್ಡಿಗೆರೆ ಹುಡುಗನದ್ದು, ಎಲ್ಲವೂ. ಕಪ್ಪಗಾಗಿ ಫೇಲಾದದ್ದು ಹೋಲಿಕೆಗೆಂದು ಇಟ್ಟಿದ್ದ ನಮ್ಮ ಲ್ಯಾಬಿನ ನಲ್ಲಿ ನೀರು ಮಾತ್ರ. ಸರ್ ಅದನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು.

ಅಕ್ಕನ ಮನೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅತ್ತೆ ಸ್ಪೀಕರ್ ಹಾಕಿದ್ದರು. "ಕೇಳುದ್ಯಾ? ಕಾಲೇಜ್ನೋರೇ ಹೇಳವ್ರೆ, ನೀರಲ್ಲಿ ಏನೂ ಇಲ್ವಂತೆ" ಎಂದು ಅಕ್ಕನಿಗೆ ಹೇಳಿದ್ದು ನನಗೂ ಕೇಳಿಸಿತು. ಅಕ್ಕನನ್ನು ಬಿಡಿಸಲು ಹೋದ ನಾನೇ ಅವಳ ವಿರುದ್ಧ ಸಾಕ್ಷಿ ಹೇಳಿದ ಹಾಗಾಗಿತ್ತು.

ಮಾರನೇ ದಿನ ಅಕ್ಕ ಫೋನ್ ಮಾಡಿದಳು. "ಅದು ಸಂಪಿನ ನೀರಲ್ಲ ಕಣೇ. ನೆಂಟ್ರಿಗೆ ಅಂತ ಕ್ಯಾನಲ್ಲಿ ತಂದಿಡೋ ಫಿಲ್ಟರ್ ನೀರು. ಮನೆ ಮರ್ಯಾದೆ ಹೋಗ್ಬಾರ್ದು ಅಂತ ಅದ್ನೇ ತುಂಬುದ್ರು." ಕ್ಲಾಸಿನಲ್ಲಿ ವಿಚಾರಿಸಿದರೆ ಎಲ್ಲರ ಮನೆಯಲ್ಲೂ ಇದೇ ಕಥೆ. ಹೆಣ್ಣು ನೋಡಲು ಬರುವವರಿಗೆ ಪಕ್ಕದ ಮನೆ ಸೋಫಾ ತಂದು ಹಾಕುವ ಜನ ನಾವು, ಕಾಲೇಜಿಗೆ ಸಂಪಿನ ನೀರು ಕಳಿಸುತ್ತೇವೆಯೇ?

ಭಾನುವಾರ ಪರೀಕ್ಷೆಯ ಪುಡಿ ಹಾಕಿದ ಸೀಸೆಯನ್ನೇ ಒಯ್ದೆ. ಕಾಫಿ ಬೇಡವೆಂದು ನೇರ ಸಂಪಿಗೆ ಹೋಗಿ ತುಂಬಿಸಿ, ಒಲೆ ಹತ್ತಿರ ಬೆಚ್ಚಗಿಟ್ಟೆ. ಮರುದಿನ ಸಂಜೆಗೆ ನೀರು ಡಾಂಬರಿನಷ್ಟು ಕಪ್ಪಾಗಿತ್ತು. ಕಪ್ಪಾದರೆ ಕೆಟ್ಟ ನೀರು ಎಂದು ವಿವರಿಸಿದೆ. ಅತ್ತೆ ಬಗ್ಗಿ ಸೀಸೆಯನ್ನು ನೋಡಿದರು. ತಪ್ಪಾಯಿತು ಅನ್ನುತ್ತಾರೇನೋ ಎಂದು ಕಾದ ನನ್ನ ಬುದ್ಧಿಗಿಷ್ಟು. ಅವರು ಸೀಸೆ ಎತ್ತಿಕೊಂಡು ಜಗಲಿಗೆ ಹೋಗಿ ಅಕ್ಕಪಕ್ಕದವರನ್ನು ಕರೆದರು.

"ನಂಗೆ ಮೊದ್ಲೇ ಅನ್ಮಾನ ಇತ್ತು. ಅದ್ಕೇ ನಾನೇ ಕಾಲೇಜಿಂದ ಟೆಸ್ಟ್ ಮಾಡುಸ್ದೆ!"

ಒಳಗೆ ಬಂದವರೇ ನಾಳೆ ಸಂಪು ತೊಳೆಯಬೇಕು, ಇನ್ನು ನೀರು ಕಾಯಿಸಿಯೇ ಕುಡಿಯಬೇಕು ಎಂದು ಅಪ್ಪಣೆ ಹೊರಡಿಸಿದರು. ಆಮೇಲೆ ಮಗುವಿನ ತಟ್ಟೆಯನ್ನು ಅಕ್ಕನ ಮುಂದೆ ತಳ್ಳಿ, "ಇನ್ಮೇಲೆ ನೀನೇ ಉಣ್ಸು, ನಂಗೂ ಸೊಂಟ ನೋವು" ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಕ್ಕ ಅನ್ನವನ್ನು ಮೆತ್ತಗೆ ಕಲಸಿ ತುತ್ತು ಮಾಡಿ ಹಿಡಿದಳು. ಮಗು ಬಾಯಿ ಬಿಡಲಿಲ್ಲ. ತಿನ್ನಬಹುದೇ ಎಂದು ಕೇಳುವಂತೆ ಅಜ್ಜಿಯ ಮುಖ ನೋಡಿತು.