ಸೋಮವಾರವನ್ನು ನೆಲದ ಮೇಲೆ ಹರಡಿದ ಸಾಬಮ್ಮ

ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಶೋಕಕುಮಾರನ ಸೇವಾ ಕೇಂದ್ರವಿದೆ. ಜಾತಿ, ಆದಾಯದ ಪ್ರಮಾಣಪತ್ರಗಳಿಗೆ ಅಲ್ಲಿ ಅರ್ಜಿ ಹಾಕಿಕೊಡುತ್ತಾರೆ. ಒಳಗೆ ಎರಡು ಕಂಪ್ಯೂಟರು, ಬಾಗಿಲಲ್ಲಿ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಹನ್ನೊಂದು ವರ್ಷದಿಂದ ಕೂತು ಸರದಿಯ ಚೀಟಿ ಕೊಡುವವಳು ಸಾಬಮ್ಮ. ಏಳನೆಯ ಇಯತ್ತೆಗೆ ಓದು ಬಿಟ್ಟಳೇ ಹೊರತು ಯೋಚನೆ ಮಾಡುವುದನ್ನು ಬಿಡಲಿಲ್ಲ. ಇಂಥ ತಲೆಯನ್ನು ಅಳೆಯುವ ಪರೀಕ್ಷೆ ಯಾವ ಶಾಲೆಯಲ್ಲೂ ಇಲ್ಲ.

ಕಳೆದ ಜೂನ್‌ನಲ್ಲಿ ಸೋಮವಾರದ ಸಾಲು ಓಣಿ ದಾಟಿ ಚಹಾದಂಗಡಿ ಮುಟ್ಟಿತು. ಅಶೋಕಕುಮಾರನಿಗೆ ಸಿಟ್ಟು ಬಂತು.

"ಸಾಬವ್ವ, ಚೀಟಿ ಕೊಡೋ ಮಷೀನ್ ತರಸಾಕತ್ತೀನಿ. ಮುಂದಿನ ತಿಂಗಳಿಂದ ನೀ ಮನಿಯಾಗ ಆರಾಮ ಇರು."

"ಮಷೀನ್ ಬಂದ್ರ ಸಾಲು ಕರಗತದೇನ್ರಿ ಸಾವ್ಕಾರ್ರೆ? ಎರಡು ಸೋಮವಾರ ಕೊಡ್ರಿ, ತೋರಸ್ತೀನಿ."

"ಎರಡೇ," ಎಂದ ಅವನು.

ಆ ವಾರವಿಡೀ ಅವಳ ಕಣ್ಣು ಗೋಡೆ ಗಡಿಯಾರದ ಮೇಲೆ. ಯಾರು ಎಷ್ಟೊತ್ತಿಗೆ ಬಂದರು, ಎಷ್ಟೊತ್ತು ಕೂತರು, ಎಲ್ಲವನ್ನೂ ಬರೆದಿಟ್ಟಳು. ಶನಿವಾರ ಕೆಲಸ ಮುಗಿದ ಮೇಲೆ ಸೋಮವಾರದ ಸಾಲನ್ನು ನೆಲದ ಮೇಲೆ ಆಡಿ ನೋಡಲು ಕೂತಳು: ಹಾಸಿದ ಪರಸಿ ಕಲ್ಲುಗಳಲ್ಲಿ ಒಂದನ್ನು ಬಾಗಿಲು ಮಾಡಿದಳು, ಎರಡನ್ನು ಕಂಪ್ಯೂಟರ್ ಮಾಡಿದಳು. ಒಬ್ಬ ಮನುಷ್ಯನಿಗೆ ಒಂದು ತೊಗರಿ ಕಾಳು, ಎಲ್ಲ ಕಾಳಿಗೂ ಒಂದೇ ಸರಾಸರಿ ವೇಳೆ. ಕಂಪ್ಯೂಟರಿನ ಹುಡುಗಿ ಅಸ್ಫಿಯಾ ನಿಮಿಷಗಳನ್ನು ಕೂಗುತ್ತ ಹೋದಂತೆ ಸಾಬಮ್ಮ ಕಾಳು ಸರಿಸುತ್ತ ಹೋದಳು. ಕಾಗದ ಕಡಿಮೆ ಇದ್ದವರನ್ನು ಬಾಗಿಲಲ್ಲೇ ನೋಡಿ ಹಿಂದಕ್ಕೆ ಕಳಿಸಿದರೆ ಅರವತ್ತು ಕಾಳಿನಲ್ಲಿ ಕೊನೆಯದು ಮಧ್ಯಾಹ್ನ ಒಂದೂವರೆಗೆ ಹೊರಬೀಳುತ್ತಿತ್ತು.

ಸೋಮವಾರ ಹಾಗೆಯೇ ಮಾಡಿದರು. ನಾಲ್ಕು ಗಂಟೆಯಾದರೂ ಹತ್ತು ಹನ್ನೆರಡು ಜನ ಮೆಟ್ಟಿಲ ಮೇಲೇ ಇದ್ದರು.

"ಒಂದು ಸೋಮವಾರ ಹೋಯ್ತು," ಎಂದ ಅಶೋಕಕುಮಾರ.

"ಕಾಳು ಹೇಳಿದ್ದು ಕೇಳ್ತಾವ, ಮಂದಿ ಕೇಳಂಗಿಲ್ಲಕ್ಕ," ಎಂದಳು ಅಸ್ಫಿಯಾ.

ಸಾಬಮ್ಮ ಎದೆಗುಂದಲಿಲ್ಲ. ಅವಳ ಕಣ್ಣು ಆಡಕಿ ಹಳ್ಳಿಯಿಂದ ಬಂದ ದೇವಿಂದ್ರನ ಮೇಲಿತ್ತು. ಅವನ ಕೈಯಲ್ಲಿ ಒಂದೇ ಚೀಟಿ, ಚೀಲದಲ್ಲಿ ಒಂಬತ್ತು ಮನೆಯ ಕಾಗದ. ಒಬ್ಬ ಪೇಟೆಗೆ ಹೊರಟನೆಂದರೆ ಓಣಿಯವರೆಲ್ಲ ತಮ್ಮ ಕೆಲಸ ಅವನ ಹೆಗಲಿಗೆ ಹಾಕುವುದು ಈ ಕಡೆಯ ರೂಢಿ. ಕಾಗದ ಸೇಡಂನಲ್ಲಿ, ಕಾಗದದವರ ಮೊಬೈಲ್ ಊರಲ್ಲಿ. ಪ್ರತಿ ಅರ್ಜಿಯ ಓಟಿಪಿಗೂ ಅವನು ಫೋನ್ ಹಚ್ಚುತ್ತಿದ್ದ.

"ಏ ಮಾಳವ್ವ, ಮೊಬೈಲಿಗೆ ನಂಬರ್ ಬಂದದ ಓದು. ಎಮ್ಮಿ ಆಮ್ಯಾಲ ಕಟ್ಟುವಂತಿ ತಾಯಿ."

ಎಮ್ಮೆ ಕಟ್ಟುವ ತನಕ ಕಂಪ್ಯೂಟರ್ ಸುಮ್ಮನೆ ಕೂತಿರುತ್ತಿತ್ತು.

"ತಪ್ಪು ನಂದೇ," ಎಂದಳು ಸಾಬಮ್ಮ. "ನಾ ಮಂದಿ ಎಣಿಸೀನಿ, ಕಾಗದ ಎಣಿಸಿಲ್ಲ."

ಮುಂದಿನ ಶನಿವಾರ ದೇವಿಂದ್ರನಂಥವರಿಗೆ ಕಾಗದಕ್ಕೊಂದರಂತೆ ಕಾಳು ಇಟ್ಟಳು, ಓಟಿಪಿ ಕಾಯುವ ನಿಮಿಷಗಳನ್ನೂ ಸೇರಿಸಿದಳು. ಕಾಳುಗಳು ಕಂಪ್ಯೂಟರ್ ಕಲ್ಲಿನ ಮುಂದೆ ಗುಡ್ಡೆಯಾದವು. ಜಾಗ ಬದಲಿಸಿ ಮೂರು ಸಲ ಆಡಿದಳು. ಮೂರನೆಯ ಸಲ ದಾರಿ ಸಿಕ್ಕಿತು: ಒಂದೆರಡು ಕಾಗದದವರಿಗೆ ಒಂದು ಕಂಪ್ಯೂಟರ್, ಗಂಟು ತಂದವರಿಗೆ ಇನ್ನೊಂದು, ಗಂಟಿನವರಿಗೆ ಬಾಗಿಲಲ್ಲೇ ವೇಳೆ ಗೊತ್ತುಮಾಡುವುದು.

ಎರಡನೆಯ ಸೋಮವಾರ ದೇವಿಂದ್ರ ಮತ್ತೆ ಬಂದ.

"ಎಷ್ಟು ಮಂದೀದು ತಂದೀರಿ?"

"ಎಂಟು."

"ಹನ್ನೆರಡೂವರೆಗೆ ಬರ್ರಿ. ಅಷ್ಟರಾಗ ಊರಿಗೆ ಫೋನ್ ಹಚ್ಚಿ, ಎಲ್ಲಾರೂ ಮೊಬೈಲ್ ಹಿಡ್ಕೊಂಡು ಒಂದೇ ಕಟ್ಟಿ ಮ್ಯಾಲ ಕುಂದರ್ರಿ ಅನ್ರಿ."

"ಮದುವಿ ಮುಹೂರ್ತ ಇಟ್ಟಂಗಾತಲ್ಲ ತಂಗಿ."

"ಅಕ್ಷತಿ ಬ್ಯಾಡ, ಮೊಬೈಲಿನಾಗ ಚಾರ್ಜ್ ಇರಲಿ."

ಹನ್ನೆರಡೂವರೆಗೆ ಓಟಿಪಿಗಳು ಆಡಕಿಯ ಕಟ್ಟೆಯಿಂದ ಒಂದರ ಹಿಂದೊಂದು ಬಂದವು. ಎರಡೂಮುಕ್ಕಾಲಿಗೆ ಮೆಟ್ಟಿಲು ಖಾಲಿ. ಅಶೋಕಕುಮಾರ ಮಷೀನ್ ಮಾರುವವನಿಗೆ ಫೋನ್ ಮಾಡಿದ.

"ಬ್ಯಾಡ್ರಿ. ನಿಮ್ಮ ಮಷೀನ್ ತಲಿಗೊಂದು ಚೀಟಿ ಕೊಡತದ, ಎಷ್ಟು ಮಂದೀದು ತಂದೀರಿ ಅಂತ ಕೇಳಂಗಿಲ್ಲ."

ಬಳಿಕ ಸಾಬಮ್ಮನತ್ತ ತಿರುಗಿದ. "ಚಿಂಚೋಳಿಯಾಗ ಹೊಸ ಕೇಂದ್ರ ತೆಗೀಲಿಕತ್ತೀನಿ. ಅಲ್ಲೂ ಹಿಂಗೇ ಹಚ್ಚಿಕೊಡು."

"ಇಲ್ಲಿಂದು ಅಲ್ಲಿಗೆ ನಡಿಯಂಗಿಲ್ರಿ," ಎಂದಳು ಸಾಬಮ್ಮ. "ಮೊದ್ಲು ಒಂದು ವಾರ ಅಲ್ಲಿ ಬಾಗಿಲಾಗ ಕುಂದ್ರತೀನಿ. ಮಂದಿ ಹೆಂಗ ಬರ್ತಾರ, ಏನು ತರ್ತಾರ ನೋಡಬೇಕು."